ಹಪ್ಪಳದ ಬಿಸಿಲು, ಬ್ಯಾಟರಿಯ ಒಲೆ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತೆಂದರೆ ನಮ್ಮ ಮನೆಯ ತಾರಸಿಯ ಮೇಲೆ ನನಗೊಂದು ಉದ್ಯೋಗ ಸಿದ್ಧವಾಗುತ್ತದೆ. ಮನೆಯಾಕೆ ಹಳೆಯ ಸೀರೆಯ ಮೇಲೆ ಹಪ್ಪಳ ಸಂಡಿಗೆಗಳನ್ನು ಹರವಿ ಕೆಳಗಿಳಿದರೆ, ಅವು ಒಣಗುವವರೆಗೆ ಕಾಗೆ ಅಳಿಲುಗಳಿಂದ ಅವನ್ನು ಕಾಪಾಡುವ ಭಾರ ನನ್ನದು. ಮೂವತ್ತನಾಲ್ಕು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನಿಗೆ ಮನೆಯಲ್ಲಿ ಇದಕ್ಕಿಂತ ಜವಾಬ್ದಾರಿಯ ಹುದ್ದೆ ದೊರೆಯಲಿಲ್ಲ. ನೀರಿನ ತೊಟ್ಟಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ತೊಡೆಯ ಮೇಲೊಂದು ಪುಸ್ತಕ ತೆರೆದು ಕುಳಿತಿದ್ದಾಗ, ಕಳೆದ ಬೇಸಿಗೆಯ ಒಂದು ಭಾನುವಾರ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು.

ಅವಳ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಅವಳ ಕಾರ್ಖಾನೆಯ ಹೆಸರನ್ನೂ ಹೇಳಿದಂತಾದೀತು. ಪಿ.ಯು.ಸಿ. ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು, ನಾನು ಕಪ್ಪು ಹಲಗೆಯ ಮೇಲೆ ಸಮೀಕರಣವನ್ನು ಸರಿದೂಗಿಸುವ ಮುನ್ನವೇ ತಾನು ಸರಿದೂಗಿಸಿ ಮುಗಿಸುತ್ತಿದ್ದವಳು. ಈಗ ರಾಸಾಯನಿಕ ಎಂಜಿನಿಯರು. ಲಿಥಿಯಂ-ಅಯಾನು ಬ್ಯಾಟರಿಯ ಕೋಶಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂರು ವರ್ಷಗಳಿಂದ ಕೆಲಸ. ಐದು ತಿಂಗಳ ಗರ್ಭಿಣಿ. “ಮೆಟ್ಟಿಲು ಹತ್ತಬೇಕಾಗಿತ್ತೇನಮ್ಮ? ನಾನೇ ಇಳಿದು ಬರುತ್ತಿರಲಿಲ್ಲವೆ?” ಎಂದೆ. “ನೀವು ಡ್ಯೂಟಿ ಬಿಟ್ಟು ಬರುವ ಹಾಗಿಲ್ಲ ಅಂತ ಅಮ್ಮನವರು ಹೇಳಿದರು, ಸಾರ್” ಎಂದು ನಕ್ಕಳು. ಮಜ್ಜಿಗೆ ಬಂದಿತು. ಊರಿನ ಸಮಾಚಾರ, ಗಂಡನ ಸಮಾಚಾರ, ನನ್ನ ಮಂಡಿನೋವಿನ ಸಮಾಚಾರ ಎಲ್ಲ ಮುಗಿದ ಮೇಲೆ ಅವಳು ಬಂದ ಕಾರಣವನ್ನು ಹೇಳಿದಳು.

ಅವಳು ಕೆಲಸ ಮಾಡುತ್ತಿದ್ದುದು ಲೇಪನ ವಿಭಾಗದಲ್ಲಿ. ತಾನು ಗರ್ಭಿಣಿಯೆಂದು ಮೇಲಧಿಕಾರಿಗೆ ತಿಳಿಸಿದ ದಿನವೇ ಅವಳನ್ನು ಅಲ್ಲಿಂದ ತೆಗೆದು ಕಚೇರಿಯ ಮೇಜಿಗೆ ವರ್ಗಾಯಿಸಿದರು. ಅದು ಸರಿಯಾದ ಕ್ರಮವೇ. ಅವಳಿಗೆ ಕೃತಜ್ಞತೆಯೂ ಇದ್ದಿತು. ಆದರೆ ಒಂದು ವಾರದ ಮೇಲೆ ಏನೋ ಕಾಗದ ತರಲು ಅತ್ತ ಹೋದಾಗ ತಾನು ನಿಲ್ಲುತ್ತಿದ್ದ ಜಾಗದಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ನಿಂತಿದ್ದುದನ್ನು ಕಂಡಳು. ಗುತ್ತಿಗೆಯ ಮೇಲೆ ಬಂದವಳು, ಹಿಂದಿನ ವರ್ಷ ಮದುವೆಯಾದವಳು. “ನನ್ನ ಹೊಟ್ಟೆಯಲ್ಲಿರುವ ಮಗುವಿಗೆ ಆಗದ ಗಾಳಿ ಅವಳ ಹೊಟ್ಟೆಯಲ್ಲಿ ನಾಳೆ ಬರುವ ಮಗುವಿಗೆ ಹೇಗೆ ಆಗುತ್ತದೆ, ಸಾರ್? ಅವಳಿಗೆ ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತದೆಯಲ್ಲ?” ಎಂದು ಕೇಳಿದಳು.

ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಬೇರೊಂದು ಮುಖ. ಎಂಬತ್ತರ ದಶಕದ ಆರಂಭದಲ್ಲಿ ನಾನು ಅಧ್ಯಾಪಕನಾಗಿ ಸೇರಿದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೆಂಜೀನು ನೀರಿನಂತೆ ಬಳಕೆಯಾಗುತ್ತಿತ್ತು. ಗಾಜಿನ ಸಾಮಾನಿನ ಜಿಡ್ಡು ತೆಗೆಯಲು ಬೆಂಜೀನು, ಮೇಜಿನ ಮೇಲಿನ ಮೇಣ ಕರಗಿಸಲು ಬೆಂಜೀನು, ಕೊನೆಗೆ ಕೈಗೆ ಹತ್ತಿದ ಬಣ್ಣ ತೊಳೆಯಲೂ ಬೆಂಜೀನು. ಆ ಪರಿಮಳ ನಮಗೆ ವೃತ್ತಿಯ ಪರಿಮಳವೆಂಬ ಹೆಮ್ಮೆಯಿದ್ದಿತು. ತೊಳೆಯುವ ಕೆಲಸವೆಲ್ಲ ನಮ್ಮ ಸಹಾಯಕರಾಗಿದ್ದ ಒಬ್ಬ ಹಿರಿಯರದು. ನಿವೃತ್ತಿಗೆ ಎರಡು ವರ್ಷ ಇರುವಾಗ ಅವರು ರಕ್ತದ ಕಾಯಿಲೆಯಿಂದ ತೀರಿಕೊಂಡರು. ಅದಕ್ಕೆ ಇದೇ ಕಾರಣವೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಬೆಂಜೀನಿಗೂ ರಕ್ತದ ಅರ್ಬುದಕ್ಕೂ ಇರುವ ನಂಟು ಆ ಹೊತ್ತಿಗಾಗಲೇ ಗ್ರಂಥಗಳಲ್ಲಿ ಅಚ್ಚಾಗಿದ್ದಿತು. ಆ ಗ್ರಂಥಗಳು ನಮ್ಮ ಗ್ರಂಥಭಂಡಾರದ ಬೀರುವಿನಲ್ಲೇ ಇದ್ದುವು. ನಾನು ಓದಿರಲಿಲ್ಲ. ಈ ಮಾತನ್ನು ಅವಳಿಗೆ ಹೇಳಿದೆ. ಹೇಳಿ, “ಆದ್ದರಿಂದ ಈ ಬಾರಿ ಓದಿ ಹೇಳುತ್ತೇನೆ, ಎರಡು ವಾರ ಕೊಡು” ಎಂದೆ. ಮುಂದೆ ಬರೆದಿರುವುದರಲ್ಲಿ ಬಹುಪಾಲು ಆ ಎರಡು ವಾರಗಳ ಓದು.

ವಾಚಕರಲ್ಲಿ ಅನೇಕರ ಜೇಬಿನಲ್ಲಿಯೂ ಕೆಲವರ ಸ್ಕೂಟರಿನಲ್ಲಿಯೂ ಇರುವ ಈ ಕೋಶದ ಚರಿತ್ರೆ ಬಹಳ ಹಳೆಯದಲ್ಲ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡೆನಫ್ ಅವರ ತಂಡ ಕೋಬಾಲ್ಟಿನ ಆಕ್ಸೈಡಿನೊಳಗೆ ಲಿಥಿಯಂ ಅಯಾನುಗಳು ಹೊಕ್ಕು ಹೊರಡಬಲ್ಲವೆಂದು ತೋರಿಸಿತು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಅದಕ್ಕೆ ಇಂಗಾಲದ ಜೊತೆಗಾರನನ್ನು ಕೊಟ್ಟರು. 1991ರಲ್ಲಿ ಸೋನಿ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರ ನೊಬೆಲ್ ಪಾರಿತೋಷಕ ಇವರಿಬ್ಬರಿಗೂ, ಇವರಿಗಿಂತ ಮುಂಚೆ ದಾರಿ ತೋರಿಸಿದ್ದ ಸ್ಟ್ಯಾನ್ಲಿ ವ್ಹಿಟಿಂಗ್‌ಹ್ಯಾಮ್ ಅವರಿಗೂ ಸಂದಿತು. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಕೋಶವನ್ನು ಹೇಗೆ ಕಟ್ಟುತ್ತಾರೆಂಬುದು ಮಾತ್ರ ಇಲ್ಲ.

ಕಟ್ಟುವ ಬಗೆಯನ್ನು ತಿಳಿಯಬೇಕಾದರೆ ನಮ್ಮ ತಾರಸಿಯೇ ಸಾಕು. ಲಿಥಿಯಂ ಸಂಯುಕ್ತದ ಕಪ್ಪು ಪುಡಿ, ಅದಕ್ಕೆ ವಿದ್ಯುತ್ತನ್ನು ಹಾಯಿಸಲು ಕೊಂಚ ಇಂಗಾಲದ ಮಸಿ, ಎರಡನ್ನೂ ಹಿಡಿದಿಡಲು ಪಿ.ವಿ.ಡಿ.ಎಫ್. ಎಂಬ ಅಂಟು: ಇವನ್ನು ಒಂದು ದ್ರವದಲ್ಲಿ ಕಲಸಿ, ಸಂಡಿಗೆಯ ಹಿಟ್ಟಿನ ಹದಕ್ಕೆ ತರುತ್ತಾರೆ. ತಲೆಗೂದಲಿಗಿಂತಲೂ ತೆಳುವಾದ ಅಲ್ಯೂಮಿನಿಯಂ ಹಾಳೆಯ ಮೇಲೆ ಅದನ್ನು ಸಮನಾಗಿ ಬಳಿಯುತ್ತಾರೆ. ಬಳಿದ ಹಾಳೆ ಹತ್ತಾರು ಮೀಟರು ಉದ್ದದ ಒಲೆಯೊಳಗೆ ಓಡುತ್ತ ಒಣಗುತ್ತದೆ. ಇನ್ನೊಂದು ಧ್ರುವಕ್ಕೆ ತಾಮ್ರದ ಹಾಳೆಯ ಮೇಲೆ ಗ್ರ್ಯಾಫೈಟಿನ ಲೇಪ. ಇವೆರಡರ ನಡುವೆ ಪರದೆಯಿಟ್ಟು, ಸುತ್ತಿ ಅಥವಾ ಪೇರಿಸಿ, ವಿದ್ಯುದ್ವಾಹಕ ದ್ರವವನ್ನು ಹೊಯ್ದು ಮುಚ್ಚಿದರೆ ಕೋಶವಾಯಿತು.

ಅಲ್ಯೂಮಿನಿಯಂ ಹಾಳೆಯ ಲೇಪಕ್ಕೆ ಬೇಕಾದ ದ್ರವವೇ ನಮ್ಮ ಹುಡುಗಿಯ ಚಿಂತೆಯ ಮೂಲ. ಅದರ ಹೆಸರು ಎನ್-ಮೀಥೈಲ್ ಪೈರಾಲಿಡೋನ್, ಕಾರ್ಖಾನೆಗಳಲ್ಲಿ ಎನ್.ಎಂ.ಪಿ. ಪಿ.ವಿ.ಡಿ.ಎಫ್. ಎಂಬ ಹಟಮಾರಿ ಅಂಟನ್ನು ಇದು ಸೊಗಸಾಗಿ ಕರಗಿಸುತ್ತದೆ. ಆದರೆ ಇದು ಗರ್ಭಸ್ಥ ಶಿಶುವಿಗೆ ಹಾನಿಕರವೆಂದು ಯೂರೋಪಿನ ಒಕ್ಕೂಟ ವರ್ಗೀಕರಿಸಿದೆ. 2018ರಲ್ಲಿ ಅಲ್ಲಿ ಹೊರಟು 2020ರಲ್ಲಿ ಜಾರಿಗೆ ಬಂದ ನಿಯಮದಂತೆ ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ಘನಮೀಟರಿಗೆ 14.4 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದು. ಚರ್ಮದ ಮೂಲಕ ಒಳಹೋಗುವುದಕ್ಕೂ ಬೇರೆ ಮಿತಿಯನ್ನು ಹಾಕಿದ್ದಾರೆ, ಏಕೆಂದರೆ ಈ ದ್ರವ ಚರ್ಮವನ್ನು ಸಲೀಸಾಗಿ ದಾಟುತ್ತದೆ. ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಈ ದ್ರವ ಬ್ಯಾಟರಿಯ ಅಂಗವಲ್ಲ. ಸಂಡಿಗೆಯಲ್ಲಿ ನೀರಿನಂತೆ, ಇದನ್ನು ಸೇರಿಸುವುದೇ ಅಟ್ಟಿ ಓಡಿಸುವುದಕ್ಕೆ. ಸ್ಕೂಟರು ಕೊಂಡವನು ಇದನ್ನು ಮೂಸಿಯೂ ಇರುವುದಿಲ್ಲ. ಅದರ ಪರಿಚಯವಾಗುವುದು ಒಲೆಯ ಬಳಿ ನಿಂತವರಿಗೆ ಮಾತ್ರ.

ಅಟ್ಟಿ ಓಡಿಸುವುದೂ ಸುಲಭವಲ್ಲ. ಇದು ಕುದಿಯುವುದು ಸುಮಾರು 202 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅದರ ಆವಿ ಹೊತ್ತಿಕೊಳ್ಳದಂತೆ ಅಪಾರವಾದ ಬಿಸಿಗಾಳಿಯನ್ನು ಒಲೆಯೊಳಗೆ ಹರಿಸಬೇಕು. ಹೊರಬಂದ ಗಾಳಿಯನ್ನು ತಂಪು ಮಾಡಿ ಆವಿಯನ್ನು ಮರಳಿ ದ್ರವವಾಗಿಸಬೇಕು. ಅದನ್ನು ಭಟ್ಟಿಯಿಳಿಸಿ ಮತ್ತೆ ಬಳಸಬೇಕು. ಒಳ್ಳೆಯ ಕಾರ್ಖಾನೆಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಮರಳಿ ದೊರೆಯುತ್ತದೆ. ಬೆಲೆಯಾಗಿ ಕೊಡಬೇಕಾದುದು ಶಾಖ.

ಶಾಖದ ಮಾತು ಬಂದಿತು. ಒಂದು ಯೂನಿಟ್ ವಿದ್ಯುತ್ತನ್ನು ಹಿಡಿದಿಡಬಲ್ಲ ಕೋಶವನ್ನು ಕಟ್ಟಲು ಕಾರ್ಖಾನೆಯೊಳಗೆ ಮಾತ್ರವೇ ಮೂವತ್ತು ನಲವತ್ತು ಯೂನಿಟ್ಟಿನಷ್ಟು ಶಕ್ತಿ ವ್ಯಯವಾಗುತ್ತದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ದೊಡ್ಡ ಪಾಲು ಈ ಒಲೆಗಳದು. ಅದಕ್ಕೆ ಸರಿಸಮನಾದ ಇನ್ನೊಂದು ಪಾಲು ಒಣಕೋಣೆಗಳದು. ಕೋಶದೊಳಗೆ ಹೊಯ್ಯುವ ದ್ರವದಲ್ಲಿರುವ ಲವಣ ತೇವ ಸೋಕಿದರೆ ಒಡೆದು ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಆದ್ದರಿಂದ ಕೋಶಗಳನ್ನು ಜೋಡಿಸುವ ಕೋಣೆಯ ಗಾಳಿಯಲ್ಲಿ, ಒಂದು ಕಿಲೋಗ್ರಾಂ ಗಾಳಿಗೆ ಗ್ರಾಮಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ನೀರಾವಿ ಇರಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ ಅದೇ ಒಂದು ಕಿಲೋಗ್ರಾಮಿಗೆ ಹದಿನೈದು ಗ್ರಾಂ ಮಿಕ್ಕಿ ಇರುತ್ತದೆ. ಹಗಲಿರುಳು ಗಾಳಿಯನ್ನು ಹಿಂಡುತ್ತಲೇ ಇರಬೇಕು. ಅಲ್ಲಿ ಎಷ್ಟು ಮಂದಿ ನಿಲ್ಲಬಹುದೆಂಬುದಕ್ಕೂ ಮಿತಿಯುಂಟು. ಮನುಷ್ಯನ ಉಸಿರಿನಲ್ಲೂ ಬೆವರಿನಲ್ಲೂ ನೀರಿದೆಯಷ್ಟೆ. “ಊಟದ ಮೇಲೆ ಒಳಗೆ ಬರುವಾಗ ನಾವೇ ಒಂದು ಮಾಲಿನ್ಯ ಅನ್ನಿಸುತ್ತದೆ, ಸಾರ್” ಎಂದಿದ್ದಳು ಅವಳು.

ಹಾಗಾದರೆ ಒಲೆಯನ್ನು ಹೊಳೆಯ ನೀರಿನ ವಿದ್ಯುತ್ತಿನಿಂದ ಉರಿಸಿದರೆ ದೋಷವೆಲ್ಲ ಪರಿಹಾರವಾಯಿತಲ್ಲವೆ? ಹೀಗೆಯೇ ಯೋಚಿಸಿದವರ ಕಥೆಯೊಂದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು.

ಸ್ವೀಡನ್ನಿನ ಉತ್ತರ ಭಾಗದಲ್ಲಿ, ಬೋತ್ನಿಯಾ ಕೊಲ್ಲಿಯ ದಡದಲ್ಲಿ, ಶೆಲೆಫ್ತಿಯೋ ಎಂಬ ಪಟ್ಟಣವಿದೆ. 1924ರಲ್ಲಿ ಅದರ ಸಮೀಪದ ಬೋಲಿಡೆನ್ನಿನಲ್ಲಿ ಚಿನ್ನದ ಅದಿರು ಸಿಕ್ಕಿದಂದಿನಿಂದ ಅದು ಗಣಿಗಾರರ, ಲೋಹ ಕರಗಿಸುವವರ ಸೀಮೆ. ಸ್ವೀಡಿಷ್ ಕಾದಂಬರಿಕಾರ್ತಿ ಸಾರಾ ಲಿಡ್ಮನ್ (1923-2004) ಆ ಸೀಮೆಯವರು. 1977ರಿಂದ ಮೊದಲ್ಗೊಂಡು ಅವರು ಬರೆದ ಕಾದಂಬರಿಮಾಲೆಯ ವಸ್ತು ಆ ಬಡ ಕಾಡುಸೀಮೆಗೆ ರೈಲು ಬಂದ ಬಗೆ. ರೈಲನ್ನು ತರಲೇಬೇಕೆಂಬ ಒಬ್ಬ ಹಳ್ಳಿಗನ ಹಂಬಲ, ಆ ಹಂಬಲದಿಂದಲೇ ಅವನಿಗೊದಗಿದ ಪತನ. ಶೆಲೆಫ್ತಿಯೋ ಜನ ತಮ್ಮ ಲೇಖಕಿಯ ಹೆಸರಿನಲ್ಲಿ ಇಪ್ಪತ್ತು ಅಂತಸ್ತಿನ ಮರದ ಸಂಸ್ಕೃತಿಭವನವನ್ನು ಕಟ್ಟಿದರು. ಅದು ತೆರೆದದ್ದು 2021ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಊರಿನಲ್ಲಿ, ನಾರ್ತ್‌ವೋಲ್ಟ್ ಎಂಬ ಹೊಸ ಕಂಪೆನಿ ತನ್ನ ಮೊದಲ ಕೋಶವನ್ನು ತಯಾರಿಸಿತು.

ಟೆಸ್ಲಾದಲ್ಲಿ ಹಿಂದೆ ಅಧಿಕಾರಿಗಳಾಗಿದ್ದ ಇಬ್ಬರು 2016ರಲ್ಲಿ ಸ್ಥಾಪಿಸಿದ ಕಂಪೆನಿ ಅದು. ಪ್ರಪಂಚದ ಅತಿ ಹಸಿರು ಬ್ಯಾಟರಿಯನ್ನು ತಯಾರಿಸುವುದು ಅದರ ಪ್ರತಿಜ್ಞೆ. ಶೆಲೆಫ್ತೆ ನದಿಗೆ ಕಟ್ಟಿದ ಅಣೆಕಟ್ಟುಗಳ ವಿದ್ಯುತ್ತು ಪಕ್ಕದಲ್ಲೇ ಹರಿಯುತ್ತಿದ್ದಿತು. ಹಳೆಯ ಬ್ಯಾಟರಿಗಳಿಂದಲೇ ನಿಕ್ಕಲು, ಮ್ಯಾಂಗನೀಸು, ಕೋಬಾಲ್ಟುಗಳನ್ನು ತೆಗೆದು, ಅವುಗಳಿಂದಲೇ ಒಂದು ಕೋಶವನ್ನು ಮಾಡಿ 2021ರ ನವೆಂಬರಿನಲ್ಲಿ ಪ್ರದರ್ಶಿಸಿದರು. ಸುಮಾರು 15 ಬಿಲಿಯನ್ ಡಾಲರು ಬಂಡವಾಳ ಕೂಡಿತು. ನಾನಾ ದೇಶಗಳಿಂದ ಕೆಲಸಗಾರರು ಬಂದು ಸೇರಿದರು. ಹೆಸರಾಂತ ಕಾರು ಕಂಪೆನಿಗಳು ಬೇಡಿಕೆಯ ಪತ್ರಗಳನ್ನು ಕೊಟ್ಟುವು.

ಆದರೆ ಕೋಶಗಳು ಬರಲಿಲ್ಲ. ವರ್ಷಕ್ಕೆ 16 ಗಿಗಾವಾಟ್-ಗಂಟೆಯಷ್ಟು ತಯಾರಿಸಬೇಕಾಗಿದ್ದ ಕಾರ್ಖಾನೆ 2023ರಲ್ಲಿ ಅದರ ನೂರನೆಯ ಒಂದು ಪಾಲನ್ನೂ ಮುಟ್ಟಲಿಲ್ಲ. ಕೆಲಸದ ಒಳಗುಟ್ಟುಗಳು ಏಷ್ಯದ ಹಳೆಯ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಕೈಸುಟ್ಟುಕೊಂಡವರ ಬೆರಳತುದಿಯಲ್ಲಿದ್ದುವು. 2024ರ ಜೂನಿನಲ್ಲಿ ಬಿ.ಎಂ.ಡಬ್ಲ್ಯೂ. ಕಂಪೆನಿ ತನ್ನ 2 ಬಿಲಿಯನ್ ಯೂರೋ ಮೌಲ್ಯದ ಬೇಡಿಕೆಯನ್ನು ಹಿಂತೆಗೆದುಕೊಂಡಿತು. 2025ರ ಮಾರ್ಚಿ 12ರಂದು ನಾರ್ತ್‌ವೋಲ್ಟ್ ಸ್ವೀಡನ್ನಿನಲ್ಲಿ ದಿವಾಳಿಯೆಂದು ಅರ್ಜಿ ಸಲ್ಲಿಸಿತು. ಅದೇ ಆಗಸ್ಟಿನಲ್ಲಿ ಲೈಟೆನ್ ಎಂಬ ಅಮೆರಿಕದ ಕಂಪೆನಿ ಅದರ ಆಸ್ತಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು.

ಈ ಪತನಕ್ಕೆ ಪಂಡಿತರು ಹಲವು ಕಾರಣಗಳನ್ನು ಕೊಡುತ್ತಾರೆ: ಅತಿಯಾದ ಆಸೆ, ಒಮ್ಮೆಗೇ ಹಲವು ದೇಶಗಳಲ್ಲಿ ಕಾರ್ಖಾನೆ ಕಟ್ಟಹೊರಟದ್ದು, ಚೀನಾದ ಅಗ್ಗದ ಸರಕು. ಎಲ್ಲವೂ ನಿಜವಿರಬಹುದು. ರಸಾಯನದ ಮೇಷ್ಟರಿಗೆ ಕಾಣುವುದು ಇನ್ನೊಂದು. ಲೇಪದಲ್ಲಿ ಒಂದು ಗುಳ್ಳೆ, ಅಂಚಿನಲ್ಲಿ ಕೂದಲೆಳೆಯಷ್ಟು ತಾಮ್ರದ ಸಿಬಿರು, ಗಾಳಿಯಲ್ಲಿ ಒಂದಿಷ್ಟು ತೇವ - ಯಾವುದೊಂದಾದರೂ ಕೋಶ ಕಸದ ಬುಟ್ಟಿಗೆ. ಕಸವಾದ ಕೋಶಕ್ಕೆ ಉರಿಸಿದ ಒಲೆ ಹೊಳೆಯ ನೀರಿನದಾದರೇನು, ಕಲ್ಲಿದ್ದಲಿನದಾದರೇನು? ಅದರೊಳಗಿನ ನಿಕ್ಕಲು ಭೂಮಿಯಿಂದ ಬಂದದ್ದೇ. ಹೊಸದಾಗಿ ತೆರೆದ ಕಾರ್ಖಾನೆಗಳಲ್ಲಿ ಹೀಗೆ ಕೆಡುವ ಪಾಲು ಬಹು ದೊಡ್ಡದು. ಇಂದು ಬ್ಯಾಟರಿಯ ಮರುಬಳಕೆಯ ಕಾರ್ಖಾನೆಗಳಿಗೆ ಬರುವ ಸರಕಿನಲ್ಲಿ ಹೆಚ್ಚಿನದು ಮುದಿ ಬ್ಯಾಟರಿಗಳಲ್ಲ, ಹೊಸ ಕಾರ್ಖಾನೆಗಳು ಕೆಡಿಸಿದ ಮಾಲು, ಎಂಬುದನ್ನು ಓದಿ ನಾನು ಬೆರಗಾದೆ. ಹಸಿರಿನ ಮೊದಲ ಲಕ್ಷಣ ಕೆಡಿಸದಿರುವ ಕೈ ಎಂದು ನನ್ನ ಅಭಿಪ್ರಾಯ. ಆ ಕೈ ಒಲೆಯ ಬಳಿ ನಿಂತವರದು. ಅವರನ್ನು ಆರಾರು ತಿಂಗಳ ಗುತ್ತಿಗೆಯ ಮೇಲೆ ಬದಲಿಸುವ ಕಾರ್ಖಾನೆ ತನ್ನ ಛಾವಣಿಯ ಮೇಲೆ ಎಷ್ಟು ಸೌರಫಲಕಗಳನ್ನು ಹಾಕಿಕೊಂಡರೂ ನನಗೆ ನಂಬಿಕೆ ಬಾರದು.

ಇನ್ನು, ಆ ದ್ರವವನ್ನೇ ಕೈಬಿಡಲು ಸಾಧ್ಯವೆ? ಗ್ರ್ಯಾಫೈಟಿನ ಲೇಪವನ್ನು ಈಗಾಗಲೇ ಎಲ್ಲೆಡೆ ನೀರಿನಲ್ಲಿಯೇ ಕಲಸುತ್ತಾರೆ. ಅಂಟಾಗಿ ಹತ್ತಿಯ ನಾರಿನಂಥ ಸೆಲ್ಯುಲೋಸಿನ ಒಂದು ಸಂಯುಕ್ತವೂ ಕೃತಕ ರಬ್ಬರೂ ಸಾಕು. ಅತ್ತ ಸಾಧ್ಯವಾದದ್ದು ಇತ್ತ ಏಕಾಗದು? ನಮ್ಮ ಹುಡುಗಿ ಒಮ್ಮೆ ಇದನ್ನೇ ಸಭೆಯಲ್ಲಿ ಕೇಳಿದ್ದಳಂತೆ. “ಪ್ರಯತ್ನಿಸಿದ್ದಾರೆ, ಆಗುವುದಿಲ್ಲ” ಎಂಬ ಉತ್ತರ ಬಂದಿತಂತೆ. ಆಗುವುದಿಲ್ಲವೆಂಬುದು ಪೂರ್ತಿ ಸುಳ್ಳಲ್ಲ. ನಿಕ್ಕಲು ಹೆಚ್ಚಾಗಿರುವ ಪುಡಿಯನ್ನು ನೀರಿಗೆ ಹಾಕಿದರೆ ಅದರ ಮೈಯಿಂದ ಲಿಥಿಯಂ ಬಿಟ್ಟುಕೊಂಡು ನೀರು ಸುಣ್ಣದ ತಿಳಿಯಂತೆ ಕ್ಷಾರವಾಗುತ್ತದೆ. ಕ್ಷಾರವು ಅಲ್ಯೂಮಿನಿಯಂ ಹಾಳೆಯನ್ನು ತಿನ್ನುತ್ತದೆ, ಜಲಜನಕದ ಗುಳ್ಳೆಗಳೇಳುತ್ತವೆ. ಇದು ಪಿ.ಯು.ಸಿ.ಯ ಪಾಠ. ಎರಡನೆಯದಾಗಿ, ದಪ್ಪನಾದ ಲೇಪ ಒಣಗುವಾಗ ನೀರಿನ ಎಳೆತ ಬಲವಾದುದರಿಂದ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ನೀರನ್ನು ಆವಿ ಮಾಡಲು ಎನ್.ಎಂ.ಪಿ.ಗಿಂತ ನಾಲ್ಕು ಪಟ್ಟು ಶಾಖ ಬೇಕೆಂಬುದನ್ನೂ ಮುಚ್ಚಿಡಬಾರದು. ಆದರೆ ಆ ಆವಿಯನ್ನು ಯಾರೂ ಹಿಡಿದು ಭಟ್ಟಿಯಿಳಿಸಬೇಕಾಗಿಲ್ಲ. ಯಾರೂ ಅದಕ್ಕೆ ಹೆದರಬೇಕಾಗಿಲ್ಲ.

ನೀರಿಗೆ ಹೆಚ್ಚು ಒಗ್ಗುವ ಪುಡಿಯೊಂದಿದೆ. ಕಬ್ಬಿಣದ ಫಾಸ್ಫೇಟು. 1997ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದಿಂದ ಹೊರಟ ಪ್ರಬಂಧವೊಂದು ಇದನ್ನು ಲೋಕಕ್ಕೆ ತಿಳಿಸಿತು. ಅದರ ಮೇಲಿರುವ ಹೆಸರುಗಳು ಮೂರು: ಪಾಧಿ, ನಂಜುಂಡಸ್ವಾಮಿ, ಗುಡೆನಫ್. ನಡುವಿನ ಹೆಸರನ್ನು ಕಂಡು ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆನೆಂದು ಒಪ್ಪಿಕೊಳ್ಳುತ್ತೇನೆ; ನಮ್ಮ ಹಾಜರಿ ಪುಸ್ತಕಗಳಲ್ಲಿ ವರ್ಷವರ್ಷವೂ ಕೂಗಿದ ಹೆಸರದು. ಈ ಪುಡಿಯಲ್ಲಿ ಕೋಬಾಲ್ಟಿಲ್ಲ, ನಿಕ್ಕಲಿಲ್ಲ. ಪ್ರಪಂಚದ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಮುಕ್ಕಾಲು ಪಾಲಿನಷ್ಟು ಕಾಂಗೋ ದೇಶದ್ದು. ಅಲ್ಲಿ ಮಕ್ಕಳೂ ಮಣ್ಣು ತೋಡುವರೆಂಬುದನ್ನು 2016ರಲ್ಲಿ ಆಮ್ನೆಸ್ಟಿ ಸಂಸ್ಥೆ ಬಹಿರಂಗಪಡಿಸಿದ ಮೇಲೆ, ಕಬ್ಬಿಣದ ದಾರಿ ಹಿಡಿಯಲು ಬೇರೆ ಕಾರಣವೇ ಬೇಕಾಗಿಲ್ಲ. ಇಂದು ಚೀನಾದ ಕಾರುಗಳಲ್ಲಿ ಬಹುಪಾಲು ಇದೇ. ಆದರೂ ಇದನ್ನೂ ಹೆಚ್ಚಿನವರು ಎನ್.ಎಂ.ಪಿ.ಯಲ್ಲಿಯೇ ಕಲಸುತ್ತಾರೆ. ಯಂತ್ರಗಳು ಅದಕ್ಕೆ ಹೊಂದಿಕೊಂಡಿವೆ. ಗಿರಾಕಿ ಒಮ್ಮೆ ಒಪ್ಪಿದ ಪಾಕವನ್ನು ಬದಲಿಸಲು ಯಾರಿಗೂ ಧೈರ್ಯವಿಲ್ಲ.

ದ್ರವವೇ ಇಲ್ಲದೆ, ಒಣಪುಡಿಯನ್ನೇ ಒತ್ತಿ ಹಾಳೆ ಮಾಡುವ ವಿದ್ಯೆಯೂ ಬಂದಿದೆ. ಮ್ಯಾಕ್ಸ್‌ವೆಲ್ ಎಂಬ ಕಂಪೆನಿಯ ಈ ವಿದ್ಯೆಗಾಗಿಯೇ ಟೆಸ್ಲಾ 2019ರಲ್ಲಿ ಆ ಕಂಪೆನಿಯನ್ನು ಕೊಂಡಿತೆನ್ನುತ್ತಾರೆ. ಒಲೆಯೇ ಬೇಡ; ಹಪ್ಪಳಕ್ಕೆ ಬಿಸಿಲೇ ಬೇಡವೆಂದಂತೆ. ಕೇಳಲು ಬಲು ಸೊಗಸು. ಆದರೆ ಪುಡಿಯನ್ನು ಹಿಡಿದಿಡುವ ನಾರು ಬೇಕಲ್ಲ. ಅದಕ್ಕೆ ಬಳಸುವುದು ನಮ್ಮ ದೋಸೆ ಅಂಟದ ಕಾವಲಿಯ ಮೇಲಿರುವ ಟೆಫ್ಲಾನನ್ನು. ಅದು ಫ್ಲೋರಿನಿನ ಸಂತಾನ, ಮಣ್ಣಿನಲ್ಲಿ ಕರಗದ ಕುಲ. ಈ ಕುಲವನ್ನೇ ನಿಷೇಧಿಸಬೇಕೆಂದು 2023ರಲ್ಲಿ ಯೂರೋಪಿನ ಐದು ದೇಶಗಳು ಪ್ರಸ್ತಾಪ ಮುಂದಿಟ್ಟಿವೆ. ಮೂಲ ಅಂಟಾದ ಪಿ.ವಿ.ಡಿ.ಎಫ್. ಕೂಡ ಅದೇ ಮನೆತನವೆಂಬುದನ್ನು ಮರೆಯಬಾರದು. ಒಂದು ದೋಷವನ್ನು ಕಳೆಯಹೋದರೆ ಅದರ ಸೋದರ ಬಾಗಿಲಲ್ಲಿ ನಿಂತಿರುತ್ತಾನೆ.

ಮರುಬಳಕೆಯ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನು ಕುರಿತು ಬರೆಯುವವರು ಬೇಕಾದಷ್ಟಿದ್ದಾರೆ. 2022ರಲ್ಲಿ ನಮ್ಮ ಕೇಂದ್ರ ಸರ್ಕಾರ ಬ್ಯಾಟರಿ ತ್ಯಾಜ್ಯದ ನಿಯಮಗಳನ್ನು ಹೊರಡಿಸಿ, ಮಾರಿದವನೇ ಮರಳಿ ಪಡೆಯತಕ್ಕದ್ದೆಂದು ವಿಧಿಸಿತು. ಯೂರೋಪಿನ 2023ರ ಕಾನೂನು 2031ರಿಂದ ವಾಹನಗಳ ಬ್ಯಾಟರಿಯಲ್ಲಿ ನೂರಕ್ಕೆ 16ರಷ್ಟು ಕೋಬಾಲ್ಟು, 6ರಷ್ಟು ಲಿಥಿಯಂ, 6ರಷ್ಟು ನಿಕ್ಕಲು ಮರುಬಳಕೆಯದಾಗಿರಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಕಬ್ಬಿಣದ ಫಾಸ್ಫೇಟಿನ ಕೋಶದಲ್ಲಿ ಬೆಲೆಬಾಳುವ ಲೋಹವಿಲ್ಲ. ಗಣಿಯ ಪಾಪವಿಲ್ಲದ ಈ ಕೋಶವನ್ನು ಗುಜರಿಯವನೂ ಕೇಳುವುದಿಲ್ಲ. ಇನ್ನೊಂದು ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ನಿಕ್ಕಲಿನ ಸಲ್ಫೇಟಿಗೆ ಕಾಸ್ಟಿಕ್ ಸೋಡಾ ಬೆರೆಸಿ ಹೈಡ್ರಾಕ್ಸೈಡನ್ನು ಇಳಿಸುವಾಗ ಉಳಿಯುವುದು ಸೋಡಿಯಂ ಸಲ್ಫೇಟು. ಅಣುತೂಕಗಳನ್ನಿಟ್ಟು ಭಾಗಿಸಿದರೆ ಒಂದು ಟನ್ನು ಹೈಡ್ರಾಕ್ಸೈಡಿಗೆ ಒಂದೂವರೆ ಟನ್ನು ಉಪ್ಪು. ಲೋಹ ಗಣಿಯಿಂದ ಬಂದಿರಲಿ, ಹಳೆಯ ಬ್ಯಾಟರಿಯಿಂದ ಬಂದಿರಲಿ, ಈ ದಾರಿಯಲ್ಲಿ ಈ ಉಪ್ಪು ತಪ್ಪದು. ಗಾಜಿನವರೂ ಸಾಬೂನಿನ ಪುಡಿಯವರೂ ಕೊಂಚ ಕೊಳ್ಳುತ್ತಾರೆ, ಮಿಕ್ಕದ್ದು?

ಮಂಡ್ಯ ಜಿಲ್ಲೆಯ ಮರ್ಲಗಲ್ಲ-ಅಲ್ಲಾಪಟ್ಟಣದ ಕಡೆ 1,600 ಟನ್ನು ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯದವರು ಅಂದಾಜು ಮಾಡಿದ ಸಂಗತಿ 2021ರಲ್ಲಿ ಪ್ರಕಟವಾದಾಗ ನಮ್ಮ ನೆಂಟರಲ್ಲಿ ಕೆಲವರು ಆ ಕಡೆಯ ಜಮೀನಿನ ಧಾರಣೆಯನ್ನು ವಿಚಾರಿಸತೊಡಗಿದ್ದರು. ಅದಿರಲಿ. ಕಲ್ಲಿನಿಂದ ಲಿಥಿಯಂ ತೆಗೆಯುವ ರೂಢಿಯ ದಾರಿಯಲ್ಲಿ ಕಲ್ಲನ್ನು ಸಾವಿರ ಡಿಗ್ರಿ ಮೀರಿ ಹುರಿದು, ಗಂಧಕಾಮ್ಲದಲ್ಲಿ ಬೇಯಿಸಬೇಕೆಂಬುದನ್ನು ಅವರಿಗೆ ಹೇಳಲು ನಾನು ಹೋಗಲಿಲ್ಲ.

ಎರಡು ವಾರಗಳ ಮೇಲೆ ಅವಳಿಗೆ ಫೋನು ಮಾಡಿದೆ. ಮೇಲೆ ಬರೆದುದನ್ನೆಲ್ಲ ಹೇಳಲು ಹೊರಟವನು ಮೊದಲು ಒಂದೇ ಪ್ರಶ್ನೆ ಕೇಳಿದೆ: “ನಿಮ್ಮಲ್ಲಿ ಯಾವ ಕೈಗವಸು ಹಾಕಿಕೊಳ್ಳುತ್ತೀರಮ್ಮ?” ತೆಳುವಾದ ನೀಲಿಯವು, ನೈಟ್ರೈಲ್ ರಬ್ಬರಿನವು, ಎಂದಳು. ಆ ನೀಲಿ ಗವಸನ್ನು ಎನ್.ಎಂ.ಪಿ. ಬೇಗನೆ ದಾಟಿಬಿಡುತ್ತದೆ, ತಡೆಯಬಲ್ಲದ್ದು ಬ್ಯೂಟೈಲ್ ರಬ್ಬರಿನದು, ದಪ್ಪನೆಯದು. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. “ಲೇಪನದ ಬಾಯಿಯನ್ನು ದಿನಕ್ಕೆ ನಾಲ್ಕು ಸಲ ಬಟ್ಟೆಯಿಂದ ಒರೆಸುತ್ತೇವೆ, ಸಾರ್” ಎಂದಳು. “ಗಾಳಿಯನ್ನು ಅಳೆದಿದ್ದಾರೆಯೆ?” “ಒಲೆಯ ಹತ್ತಿರ ಅಳೆದಿದ್ದಾರೆ.” “ಒರೆಸುವಾಗ?” “ಇಲ್ಲ.”

ಅವಳು ಬರೆದು ಕೊಟ್ಟಳು. ಬಾಯಲ್ಲಿ ಹೇಳದೆ ಕಾಗದದ ಮೇಲೆ ಬರೆದು ಕೊಡು ಎಂದದ್ದೊಂದೇ ನನ್ನ ಪಾಲಿನ ಸಹಾಯ. ಒಂದು ತಿಂಗಳಲ್ಲಿ ಕಪ್ಪು ಗವಸುಗಳು ಬಂದುವು. ಒರೆಸುವ ಹೊತ್ತಿನಲ್ಲಿ ಗಾಳಿಯನ್ನು ಅಳೆದರು. ಒಲೆಯ ಬಳಿ ಮಿತಿಯೊಳಗಿದ್ದುದು ಅಲ್ಲಿ ಮಿತಿಯನ್ನು ಮೀರಿದ್ದಿತು. ಗಾಳಿ ಹೀರುವ ಕೊಳವೆಯೊಂದನ್ನು ಅಲ್ಲಿ ಜೋಡಿಸುತ್ತಾರಂತೆ. ಆ ಇಪ್ಪತ್ತೆರಡರ ಹುಡುಗಿಗೆ ಇವಳು ಎಲ್ಲವನ್ನೂ ತಿಳಿಸಿ ಹೇಳಿದಳು. ಬೇರೆ ವಿಭಾಗಕ್ಕೆ ಕೇಳಿಕೊ ಎಂದಳು. “ಅಲ್ಲಿ ರಾತ್ರಿ ಪಾಳಿಯ ಭತ್ಯೆ ಇಲ್ಲ ಅಕ್ಕ, ಗವಸು ದಪ್ಪದು ಬಂದಿದೆಯಲ್ಲ” ಎಂದಳಂತೆ ಅವಳು. ಅಲ್ಲಿಯೇ ಇದ್ದಾಳೆ.

ಶ್ರಾವಣದಲ್ಲಿ ನಮ್ಮ ವಿದ್ಯಾರ್ಥಿನಿಗೆ ಹೆಣ್ಣು ಮಗುವಾಯಿತು. ಈಚೆಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದಾಳೆ. ಕಬ್ಬಿಣದ ಫಾಸ್ಫೇಟನ್ನು ನೀರಿನಲ್ಲಿ ಕಲಸಿ ನೋಡುವ ಪ್ರಯೋಗವೊಂದನ್ನು ಮೂಲೆಯ ಸಣ್ಣ ಯಂತ್ರದ ಮೇಲೆ ಮಾಡಲು ಅವಳಿಗೆ ಅನುಮತಿ ಸಿಕ್ಕಿದೆ. ಮೊನ್ನೆ ಮೊದಲನೆಯ ಹಾಳೆಯ ಚಿತ್ರವನ್ನು ಮೊಬೈಲಿಗೆ ಕಳಿಸಿದ್ದಳು. ಲೇಪದ ತುಂಬ ಬಿರುಕು. ನಾನು ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿರುವಾಗ ಮನೆಯಾಕೆ ಹಿಂದಿನಿಂದ ಬಗ್ಗಿ ನೋಡಿದಳು. “ಯಾರು ಮಾಡಿದ್ದು ಇದನ್ನು? ಹಸಿಯದನ್ನು ತಂದು ಒಮ್ಮೆಗೇ ಸುಡು ಬಿಸಿಲಿಗೆ ಹಾಕಿದ್ದಾರೆ. ಮೊದಲು ನೆರಳಲ್ಲಿ ಆರಬೇಡವೆ?” ಎಂದಳು. ಅದನ್ನು ಹಾಗೆಯೇ ಬರೆದು ಕಳಿಸಿದೆ. ಒಲೆಯ ಮೊದಲ ಭಾಗದ ಶಾಖವನ್ನು ಇಳಿಸಿ ನಾಳೆ ಮತ್ತೊಂದು ಹಾಳೆ ಬಳಿಯುತ್ತೇನೆಂದು ಉತ್ತರ ಬಂದಿದೆ.